ಮನೆ ಯಾರದು? ಸಿಟ್‌ಕಾಮ್‌ಗಳಲ್ಲಿ ಹಿರಿಯರು ಮತ್ತು ಕಿರಿಯರು

(ಒಂದು ಓದುಗರ ಬಳಗದ ಮುಂದೆ ಆಡಿದ ಮಾತಿನ ಬರಹ ರೂಪ. ಮಾತನ್ನು ಅಲ್ಲಲ್ಲಿ ಮೊಟಕು ಮಾಡಿದ್ದೇನೆ. ಕೊನೆಯ ಪ್ರಶ್ನೋತ್ತರದ ಸ್ವಲ್ಪ ಭಾಗ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1964ರ ಅಕ್ಟೋಬರ್ 15ರಂದು ಬ್ರಿಟನ್ನಿನಲ್ಲಿ ಚುನಾವಣೆ ಇತ್ತು. ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಅವರಿಗೆ ಒಂದು ವಿಚಿತ್ರ ಚಿಂತೆ ಹತ್ತಿತು. ಮತದಾನ ರಾತ್ರಿ 9 ಗಂಟೆವರೆಗೆ. ಆದರೆ 8 ಗಂಟೆಗೆ ಬಿಬಿಸಿಯಲ್ಲಿ ಒಂದು ನಗೆ ಧಾರಾವಾಹಿಯ ಮರುಪ್ರಸಾರ. ದುಡಿದು ಮನೆಗೆ ಬಂದ ಜನ ಅದನ್ನು ನೋಡುತ್ತಾ ಕೂತುಬಿಟ್ಟರೆ ಮತಗಟ್ಟೆಗೆ ಹೋಗುವವರು ಯಾರು? ಹಾಗೆ ಕೂರುವವರಲ್ಲಿ ಜಾಸ್ತಿ ಜನ ತನಗೇ ಓಟು ಹಾಕುವವರು ಅನ್ನುವುದು ಅವರ ಲೆಕ್ಕ. ಬಿಬಿಸಿಯ ಮುಖ್ಯಸ್ಥ ಹ್ಯೂ ಗ್ರೀನ್ ಅವರ ಹತ್ತಿರ ದೂರು ಹೋಯಿತು. ಕಾರ್ಯಕ್ರಮವನ್ನು 9 ಗಂಟೆಗೆ ತಳ್ಳಿದರು. ಲೇಬರ್ ಪಕ್ಷ ಗೆದ್ದಿತು. ಬಹುಮತ ಬರೀ 4 ಸೀಟಿನದು.

ಧಾರಾವಾಹಿಯನ್ನು ಮುಂದೆ ಹಾಕಿದ್ದರಿಂದಲೇ ಸರ್ಕಾರ ಬಂತು ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಒಬ್ಬ ಪ್ರಧಾನಿ ಆಗಬೇಕಾದವರು ಹೆದರಿಕೊಂಡ ಆ ಧಾರಾವಾಹಿಯಲ್ಲಿ ಇದ್ದದ್ದೇನು ಅಂದರೆ, ಒಬ್ಬ ಅಪ್ಪ, ಒಬ್ಬ ಮಗ, ಅವರಿಬ್ಬರ ಜಗಳ. ಅಷ್ಟೇ. ಹೆಸರು 'ಸ್ಟೆಪ್ಟೋ ಅಂಡ್ ಸನ್'.

ಇವತ್ತು ಇಂಥ ಜಗಳಗಳ ಬಗ್ಗೆಯೇ ಮಾತಾಡಬೇಕು ಅಂತಿದ್ದೇನೆ. ಸಿಟ್‌ಕಾಮ್‌ಗಳಲ್ಲಿ, ಅಂದರೆ ಒಂದೇ ಮನೆ, ಅದೇ ಜನರನ್ನು ಇಟ್ಟುಕೊಂಡು ನಡೆಯುವ ಟಿವಿ ನಗೆ ಧಾರಾವಾಹಿಗಳಲ್ಲಿ, ಹಿರಿಯರು, ಕಿರಿಯರು ಕಿತ್ತಾಡುವುದನ್ನು ನಾವು ಸಾಮಾನ್ಯವಾಗಿ ವಿಚಾರಗಳ ಜಗಳ ಅಂತ ನೋಡುತ್ತೇವೆ. ಹಳೇ ಕಾಲ, ಹೊಸ ಕಾಲ. ಸಂಪ್ರದಾಯ, ಸ್ವಾತಂತ್ರ್ಯ. ಪತ್ರಿಕೆಗಳಲ್ಲೂ ಹಾಗೇ ಬರೆಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಾಯಲ್ಲಿ ಬರುವುದು ರಾಜಕೀಯ, ದೇವರು, ಕೂದಲಿನ ಉದ್ದ, ಏನು ಬೇಕಾದರೂ ಇರಬಹುದು. ಒಳಗೆ ಇರುವುದು ಒಂದೇ ಪ್ರಶ್ನೆ: ಈ ಮನೆ ಯಾರದು, ಇಲ್ಲಿಂದ ಹೊರಗೆ ಹೋಗಲು ಆಗದವರು ಯಾರು?

ಸ್ಟೆಪ್ಟೋದಿಂದಲೇ ಶುರು ಮಾಡೋಣ. ಬರೆದವರು ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್. 1962ರ ಜನವರಿಯಲ್ಲಿ ಒಂದೇ ಒಂದು ಕಂತಿನ ನಾಟಕವಾಗಿ ಬಂತು. ಜನ ಮೆಚ್ಚಿದ್ದಕ್ಕೆ ಬೆಳೆಯಿತು, ನಡುವೆ ಬಿಡುವು ಕೊಟ್ಟು 1974ರವರೆಗೆ ನಡೆಯಿತು. ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ ಒಂದು ಗುಜರಿ ಅಂಗಳ. ಅಪ್ಪ ಆಲ್ಬರ್ಟ್, ಮಗ ಹೆರಾಲ್ಡ್. ಒಂದು ಕುದುರೆ, ಅದರ ಹೆಸರು ಹರ್ಕ್ಯುಲೀಸ್. ಮಗ ಕುದುರೆಗಾಡಿ ಹೊಡೆದುಕೊಂಡು ಬೀದಿ ಬೀದಿ ತಿರುಗಿ ಹಳೇ ಸಾಮಾನು ತರುತ್ತಾನೆ. ಅಪ್ಪ ಮನೆಯಲ್ಲೇ ಕೂತು ಅದನ್ನು ಜರೆಯುತ್ತಾನೆ.

ಮಗನಿಗೆ ನಲವತ್ತು ಹತ್ತಿರ ಬಂದಿದೆ. ಮದುವೆ ಇಲ್ಲ. ಒಳ್ಳೆಯ ಸಂಗೀತ ಕೇಳಬೇಕು, ಪುಸ್ತಕ ಓದಬೇಕು, ನಾಲ್ಕು ಜನ ಮರ್ಯಾದಸ್ಥರ ಜೊತೆ ಕೂರಬೇಕು ಅನ್ನುವ ಆಸೆ. ಬೇರೆಯವರು ಎಸೆದ ಬಾಟಲಿಗಳ ತಳದಲ್ಲಿ ಉಳಿದ ವೈನನ್ನು ಒಂದಕ್ಕೊಂದು ಸುರಿದು ತನ್ನದೇ ಒಂದು 'ಬಾರ್' ಮಾಡಿಟ್ಟುಕೊಂಡಿರುತ್ತಾನೆ ಪಾಪ. ಅಪ್ಪನೋ, ಸ್ನಾನದ ತೊಟ್ಟಿಯಲ್ಲೇ ಕೂತು ಊಟ ಮಾಡುವ ಆಸಾಮಿ. ನೀರಿಗೆ ಬಿದ್ದ ಉಪ್ಪಿನಕಾಯಿ ಈರುಳ್ಳಿಯನ್ನು ಕೈ ಆಡಿಸಿ ಹುಡುಕಿ ತೆಗೆಯುತ್ತಾನೆ. 'ಕೊಳಕು ಮುದುಕ' ಅಂತ ಮಗ ಬೈಯುವ ಮಾತು ಇಂಗ್ಲೆಂಡಿನ ಮನೆಮಾತಾಯಿತು.

ಆ ಮೊದಲ ಕಂತಿನ ಕೊನೆ ನೋಡಬೇಕು. ಮಗನಿಗೆ ಬೇರೆ ಕಡೆ ಒಂದು ಅವಕಾಶ ಬಂದಿದೆ. ಸಾಕು ನಿನ್ನ ಸಹವಾಸ ಅಂತ ತನ್ನ ಸಾಮಾನನ್ನೆಲ್ಲ ಗಾಡಿಗೆ ಹೇರುತ್ತಾನೆ. ಅಪ್ಪ ಕುದುರೆ ಕೊಡುವುದಿಲ್ಲ. ಸರಿ, ನಾನೇ ಎಳೆಯುತ್ತೇನೆ ಅಂತ ಮಗ ನೊಗಕ್ಕೆ ಕೈ ಹಾಕುತ್ತಾನೆ. ಗಾಡಿ ಅಲ್ಲಾಡುವುದಿಲ್ಲ. ಇನ್ನೊಮ್ಮೆ ಎಳೆಯುತ್ತಾನೆ. ಇಲ್ಲ. ಅಲ್ಲೇ ಕುಸಿದು ಅಳುತ್ತಾನೆ. ಅಪ್ಪ ಬಂದು ಸಮಾಧಾನ ಮಾಡಿ, ಚಹಾ ಕುಡಿಯೋಣ ಬಾ ಅಂತ ಒಳಗೆ ಕರೆದುಕೊಂಡು ಹೋಗುತ್ತಾನೆ. ನಗೆ ಧಾರಾವಾಹಿ ಹೀಗೆ ಶುರುವಾಯಿತು, ನೋಡಿ. ನಗೆನಟರನ್ನು ಬಿಟ್ಟು ಗಂಭೀರ ರಂಗನಟರನ್ನು ಹಾಕಿಕೊಂಡದ್ದಕ್ಕೆ ಇದೇ ಕಾರಣ ಇರಬೇಕು. ಅಪ್ಪನ ಪಾತ್ರದ ವಿಲ್‌ಫ್ರಿಡ್ ಬ್ರಾಂಬೆಲ್ ಹುಟ್ಟಿದ್ದು 1912ರಲ್ಲಿ, ಮಗನ ಪಾತ್ರದ ಹ್ಯಾರಿ ಎಚ್. ಕಾರ್ಬೆಟ್ 1925ರಲ್ಲಿ. ಅಪ್ಪ, ಮಗನಿಗೆ 13 ವರ್ಷದ ಅಂತರ! ತೆರೆಯ ಮೇಲೆ ಅದು ಗೊತ್ತೇ ಆಗುವುದಿಲ್ಲ.

1972ರ ಒಂದು ಕಂತಿನಲ್ಲಿ ಮಗ ಮನೆಯನ್ನೇ ಎರಡು ಭಾಗ ಮಾಡಿ ನಡುವೆ ಗೋಡೆ ಹಾಕಿಬಿಡುತ್ತಾನೆ. ನಮ್ಮ ಕಡೆ ಅಣ್ಣ ತಮ್ಮಂದಿರು ಹಿಸ್ಸೆಯಾಗುತ್ತಾರಲ್ಲ, ಹಾಗೆ ಇಲ್ಲಿ ಅಪ್ಪ, ಮಗ. ಟಿವಿ ಒಂದೇ ಇದೆಯಲ್ಲ, ಅದನ್ನು ಹಂಚುವುದು ಹೇಗೆ? ಇಡೀ ಕಂತು ಅದರ ಮೇಲೇ ಕುಣಿಯುತ್ತದೆ. ಕೊನೆಗೂ 1974ರ ಕ್ರಿಸ್‌ಮಸ್ ವಿಶೇಷದಲ್ಲಿ ಮಗನಿಗೆ ಒಂದು ಗೆಲುವು ಸಿಗುತ್ತದೆ. ಇಬ್ಬರೂ ಪರದೇಶಕ್ಕೆ ರಜೆಗೆ ಹೊರಟಿದ್ದಾರೆ. ಕೊನೇ ಗಳಿಗೆಯಲ್ಲಿ ಮಗನ ಪಾಸ್‌ಪೋರ್ಟ್ ಅವಧಿ ಮುಗಿದಿರುವುದು ಗೊತ್ತಾಗಿ, ಅಪ್ಪ ಒಬ್ಬನೇ ಹೋಗಬೇಕಾಗುತ್ತದೆ. ಆಮೇಲೆ ನೋಡಿದರೆ ಎಲ್ಲ ಮಗನೇ ಹೂಡಿದ ಆಟ. ಅವನು ಗೆಳತಿಯ ಜೊತೆ ಬೇರೆ ಕಡೆ ಹೊರಟಿದ್ದಾನೆ. ಹನ್ನೆರಡು ವರ್ಷ ಮನೆ ಬಿಡಲಾಗದವನು ಕೊನೆಗೆ ಅಪ್ಪನನ್ನೇ ಊರು ಬಿಡಿಸಿದ. ಟಿವಿಯಲ್ಲಿ ಅದೇ ಕೊನೆಯ ಕಂತು. ಅಲ್ಲಿಗೆ ನಿಲ್ಲಿಸಲೇಬೇಕಿತ್ತು. ಒಬ್ಬ ಹೊರಗೆ ಹೋದ ಮೇಲೆ ಇನ್ನೇನು ಉಳಿಯುತ್ತದೆ?

ಇದಕ್ಕೆ ಸಿಟ್‌ಕಾಮ್‌ನ ಕಟ್ಟೋಣವೂ ಕಾರಣ. ಅರ್ಧ ಗಂಟೆಯ ಆಟ. ಸ್ಟುಡಿಯೋದಲ್ಲಿ ಒಂದು ಹಾಲ್‌ನ ಸೆಟ್ಟು, ಎದುರಿಗೆ ಪ್ರೇಕ್ಷಕರು. ಅದಕ್ಕೇ ಸೋಫಾ ಯಾವಾಗಲೂ ನಮ್ಮ ಕಡೆ ಮುಖ ಮಾಡಿರುತ್ತದೆ. ಊಟದ ಮೇಜಿನ ಒಂದು ಬದಿಯಲ್ಲಿ ಯಾರೂ ಕೂರುವುದಿಲ್ಲ. ಕಂತು ಮುಗಿದಾಗ ಎಲ್ಲರೂ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲಬೇಕು. ಮುಂದಿನ ವಾರ ಮತ್ತೆ ಅದೇ ಮನೆ, ಅದೇ ಜನ. ಅಂದರೆ ಯಾರೂ ಗೆಲ್ಲಬಾರದು, ಯಾರೂ ಬದಲಾಗಬಾರದು, ಯಾರೂ ಮನೆ ಬಿಟ್ಟು ಹೋಗಬಾರದು. ನಮ್ಮ ಮೆಗಾ ಧಾರಾವಾಹಿಗಳಲ್ಲಿ ಜಗಳಕ್ಕೆ ಒಂದು ಗತಿ ಇರುತ್ತದೆ. ಯಾರೋ ಸಾಯುತ್ತಾರೆ, ಯಾರೋ ಜೈಲಿಗೆ ಹೋಗುತ್ತಾರೆ, ಯಾರೋ ಕಾಲಿಗೆ ಬೀಳುತ್ತಾರೆ. ನಿಜವಾದ ಮನೆಗಳಲ್ಲಿ ಹಾಗಾಗುತ್ತದಾ? ಗೀಸರ್ ಆಫ್ ಮಾಡಲಿಲ್ಲ ಅನ್ನುವ ಜಗಳ ವರ್ಷಗಟ್ಟಲೆ ಅದೇ ಜಾಗದಲ್ಲೇ ಇರುತ್ತದೆ. ಆ ಲೆಕ್ಕದಲ್ಲಿ ಕಣ್ಣೀರಿನ ಧಾರಾವಾಹಿಗಿಂತ ಸಿಟ್‌ಕಾಮೇ ಸಂಸಾರಕ್ಕೆ ಹತ್ತಿರ.

ಈಗ ಅಮೆರಿಕಕ್ಕೆ ಹೋಗೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

1960ರ ದಶಕದ ನಡುವಿನಲ್ಲಿ ಬಿಬಿಸಿಯಲ್ಲೇ 'ಟಿಲ್ ಡೆತ್ ಅಸ್ ಡು ಪಾರ್ಟ್' ಅಂತ ಇನ್ನೊಂದು ಬಂತು. ಬರೆದವರು ಜಾನಿ ಸ್ಪೈಟ್. ಬಾಯಿಗೆ ಬಂದಂತೆ ಬೈಯುವ, ಬಿಳಿಯರಲ್ಲದವರನ್ನು ಕಂಡರೆ ಆಗದ ಒಬ್ಬ ಬಡ ಕಾರ್ಮಿಕ, ಅವನ ಎಡಪಂಥೀಯ ಅಳಿಯ, ಇಬ್ಬರೂ ಒಂದೇ ಮನೆಯಲ್ಲಿ. (ಒಂದು ಅಡ್ಡಮಾತು: ಆ ಅಳಿಯನ ಪಾತ್ರ ಮಾಡಿದ ಆಂಟನಿ ಬೂತ್ ಮುಂದೆ ನಿಜವಾಗಿಯೂ ಮಾವನಾದರು. ಅವರ ಅಳಿಯ ಟೋನಿ ಬ್ಲೇರ್, ಲೇಬರ್ ಪಕ್ಷದಿಂದ ಪ್ರಧಾನಿಯಾಗಿದ್ದವರು.) ಇದನ್ನು ಇಟ್ಟುಕೊಂಡು ಅಮೆರಿಕದ ಟಿವಿ ನಿರ್ಮಾಪಕ ನಾರ್ಮನ್ ಲಿಯರ್ ಒಂದು ಧಾರಾವಾಹಿ ಮಾಡಿದರು. ಎಬಿಸಿ ಚಾನೆಲ್ ಎರಡು ಸಲ ಮಾದರಿ ಕಂತು ಮಾಡಿಸಿ ನೋಡಿ, ಎರಡು ಸಲವೂ ಬೇಡ ಅಂದಿತು. ಕೊನೆಗೆ ಸಿಬಿಎಸ್ ಒಪ್ಪಿತು. 1971ರ ಜನವರಿ 12ರಂದು 'ಆಲ್ ಇನ್ ದಿ ಫ್ಯಾಮಿಲಿ' ಶುರುವಾಯಿತು. ಜನ ಏನಂದುಕೊಳ್ಳುತ್ತಾರೋ ಅಂತ ಮೊದಲಿಗೆ ಒಂದು ಎಚ್ಚರಿಕೆಯ ಬರಹ ಬೇರೆ ಹಾಕಿದರು. ಆಮೇಲೆ ಸತತ 5 ಸೀಸನ್ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮ ಅದೇ.

ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಒಂದು ಚಿಕ್ಕ ಮನೆ. ಯಜಮಾನ ಆರ್ಚಿ ಬಂಕರ್. ಹೆಂಡತಿ ಈಡಿತ್, ಮಗಳು ಗ್ಲೋರಿಯಾ, ಅಳಿಯ ಮೈಕ್. ಆರ್ಚಿಗೆ ಕಪ್ಪು ಜನ ಬೇಡ, ಯಹೂದಿಗಳು ಬೇಡ, ಉದ್ದ ಕೂದಲಿನ ಹುಡುಗರು ಬೇಡ. ಮೈಕ್ ಸಮಾಜಶಾಸ್ತ್ರ ಓದುವ ವಿದ್ಯಾರ್ಥಿ, ವಿಯೆಟ್ನಾಂ ಯುದ್ಧದ ವಿರೋಧಿ. ಇಬ್ಬರಿಗೂ ದಿನಾ ಜಟಾಪಟಿ.

ಈ ಧಾರಾವಾಹಿ ಬಗ್ಗೆ ಬರೆದವರೆಲ್ಲ ಜನಾಂಗದ್ವೇಷ, ಯುದ್ಧ, ಆಗಿನ ಅಧ್ಯಕ್ಷ ನಿಕ್ಸನ್ ಅಂತ ಶುರು ಮಾಡುತ್ತಾರೆ. ಸರಿಯೇ. ಆದರೆ ಕನ್ನಡದವರ ಕಣ್ಣಿಗೆ ಮೊದಲು ಕಾಣುವುದೇ ಬೇರೆ. ಮೈಕ್ ಮನೆ ಅಳಿಯ! ಮಾವನ ಮನೆಯಲ್ಲಿದ್ದಾನೆ, ಮಾವನ ದುಡ್ಡಲ್ಲಿ ಊಟ, ಊಟವೂ ಗಡದ್ದಾಗಿ. ಸಮಾನತೆಯ ಬಗ್ಗೆ ಭಾಷಣ ಮಾಡುವಾಗ ಬಾಯಲ್ಲಿ ಆರ್ಚಿ ತಂದ ಮಾಂಸದ ತುಂಡು ಇರುತ್ತದೆ. ಆರ್ಚಿ ವಾದದಲ್ಲಿ ಯಾವತ್ತೂ ಗೆಲ್ಲುವುದಿಲ್ಲ, ಅವನ ಇಂಗ್ಲಿಷೇ ಎಡವುತ್ತದೆ. ಆದರೆ ಅವನ ಹತ್ತಿರ ಒಂದು ಮಾತು ಇದೆ, ಅದಕ್ಕೆ ಅಳಿಯನ ಹತ್ತಿರ ಉತ್ತರ ಇಲ್ಲ: ನನ್ನ ಮನೆಯಲ್ಲಿ ತಿಂದುಂಡು ನನಗೇ ಬುದ್ಧಿ ಹೇಳ್ತೀಯಾ? ಇದನ್ನು ನಾವು ಎಷ್ಟು ಮನೆಗಳಲ್ಲಿ ಕೇಳಿಲ್ಲ!

ಆರ್ಚಿಗೆ ಒಂದು ಕುರ್ಚಿ ಇತ್ತು. ಹಾಲ್‌ನ ನಡುವೆ, ಟಿವಿಗೆ ಎದುರು. ಅದರಲ್ಲಿ ಬೇರೆ ಯಾರಾದರೂ ಕೂತರೆ ಮುಗಿಯಿತು. ಬಂದವರು ಗೊತ್ತಿಲ್ಲದೆ ಅಲ್ಲಿ ಕೂರುವುದು, ಆರ್ಚಿ ಎಬ್ಬಿಸುವುದು, ಇದೇ ಒಂದು ನಗೆಯ ಸರಕು. 1978ರಲ್ಲಿ ಆ ಕುರ್ಚಿಯನ್ನೂ ಈಡಿತ್‌ಳ ಕುರ್ಚಿಯನ್ನೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯಕ್ಕೆ ಕೊಟ್ಟರು. ನಮ್ಮಲ್ಲೂ ಅಜ್ಜಂದಿರ ಆರಾಮ ಕುರ್ಚಿಗೆ ಈ ಗತ್ತು ಇತ್ತು. ಅಜ್ಜ ಎದ್ದು ಹಿತ್ತಲಿಗೆ ಹೋದಾಗ ಅದರ ಮೇಲೆ ಹತ್ತಿ ಕೂರುವುದೇ ಮಕ್ಕಳಿಗೆ ಒಂದು ದಂಗೆ.

ನಾರ್ಮನ್ ಲಿಯರ್ ಇದನ್ನು ಗಾಳಿಯಿಂದ ಹಿಡಿದು ತಂದದ್ದಲ್ಲ. ಅವರ ಅಪ್ಪ ಅದೇ ಥರದ ಮನುಷ್ಯ. ಆರ್ಚಿ ಅಳಿಯನನ್ನು 'ಮೀಟ್‌ಹೆಡ್' ಅಂತ ಕರೆಯುತ್ತಾನಲ್ಲ, ತಲೆಯಲ್ಲಿ ಬರೀ ಮಾಂಸ ಅಂತ, ಲಿಯರ್ ಅವರ ಅಪ್ಪ ಮಗನನ್ನು ಕರೆಯುತ್ತಿದ್ದದ್ದೇ ಹಾಗೆ. ಹೆಂಡತಿಗೆ ಬಾಯಿ ಮುಚ್ಚು ಅನ್ನಲು ಆರ್ಚಿ ಬಳಸುವ ಮಾತೂ ಆ ಅಪ್ಪನದೇ. ಮಗನಿಗೆ 9 ವರ್ಷ ಆಗಿದ್ದಾಗ ಆ ಅಪ್ಪ ವಂಚನೆ ಪ್ರಕರಣದಲ್ಲಿ ಜೈಲಿಗೆ ಹೋದ. ಅಂಥ ಅಪ್ಪನನ್ನು ಬರೆಯುವಾಗ ಸೇಡು ತೀರಿಸಿಕೊಳ್ಳಬಹುದಿತ್ತು. ಲಿಯರ್ ಹಾಗೆ ಮಾಡಲಿಲ್ಲ. ಕ್ಯಾರಲ್ ಓ'ಕಾನರ್ ಅಂಥ ನಟನಿಗೆ ಕೊಟ್ಟು, ಬೈಯುತ್ತಲೇ ಪ್ರೀತಿಸುವ ಹಾಗೆ ಮಾಡಿಟ್ಟರು.

ಅದರಿಂದ ಒಂದು ತೊಡಕೂ ಆಯಿತು. 1974ರಲ್ಲಿ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೊಕೀಚ್ ಅನ್ನುವ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕ ಮತ್ತು ಕೆನಡಾದ ನೋಡುಗರನ್ನು ಕೇಳಿ ಮಾಡಿದ್ದು. ಬರೆದವರ ಉದ್ದೇಶ ಆರ್ಚಿಯನ್ನು ಗೇಲಿ ಮಾಡುವುದು, ಅಲ್ವಾ? ಆದರೆ ಮೊದಲೇ ಪೂರ್ವಗ್ರಹ ಇದ್ದವರಿಗೆ ಆರ್ಚಿಯೇ ಸರಿ ಅನ್ನಿಸಿದ. ಗೇಲಿಗೆ ಒಳಗಾದದ್ದು ಅಳಿಯ ಅಂತ ಅವರಿಗೆ ತೋರಿತು. ಇದನ್ನು ಹೇಳಿ ಧಾರಾವಾಹಿಯನ್ನು ಬೈದವರು ಬಹಳ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಒಂದು ಮನೆಯಲ್ಲಿ ಅಪ್ಪ ಮತ್ತು ಮಗ ಅಕ್ಕಪಕ್ಕ ಕೂತು ಇದೇ ಕಂತು ನೋಡುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರೂ ನಗುತ್ತಿದ್ದಾರೆ. ಅಪ್ಪ ಅಳಿಯನನ್ನು ನೋಡಿ, ಮಗ ಮಾವನನ್ನು ನೋಡಿ. ಅಕ್ಕಪಕ್ಕದಲ್ಲಿದ್ದೂ ಅವರು ನೋಡಿದ್ದು ಒಂದೇ ಕಾರ್ಯಕ್ರಮ ಅಲ್ಲ.

1978ರ ಒಂದು ಕಂತು ನನಗೆ ಬಹಳ ಇಷ್ಟ. ಆರ್ಚಿ ಮತ್ತು ಮೈಕ್ ಒಂದು ಬಾರ್‌ನ ಉಗ್ರಾಣದಲ್ಲಿ ರಾತ್ರಿ ಸಿಕ್ಕಿಹಾಕಿಕೊಳ್ಳುತ್ತಾರೆ. ಬಾಗಿಲು ತೆಗೆಯುವುದಿಲ್ಲ. ಕುಡಿಯಲು ಬೇಕಾದಷ್ಟು ಇದೆ. ಕುಡಿದ ಆರ್ಚಿ ತನ್ನ ಬಾಲ್ಯದ ಕಥೆ ಹೇಳುತ್ತಾನೆ. ಮನೆಯಲ್ಲಿ ದುಡ್ಡಿರಲಿಲ್ಲ. ಒಂದು ಕಾಲಿಗೆ ಶೂ, ಇನ್ನೊಂದು ಕಾಲಿಗೆ ಬೂಟು ಹಾಕಿಕೊಂಡು ಶಾಲೆಗೆ ಹೋಗಬೇಕಾಯಿತು. ಹುಡುಗರೆಲ್ಲ ಅದಕ್ಕೊಂದು ಅಡ್ಡಹೆಸರಿಟ್ಟು ಕಾಡಿದರು. ಅಪ್ಪ ಹೊಡೆಯುತ್ತಿದ್ದ, ಕತ್ತಲೆಯಲ್ಲಿ ಕೂಡಿಹಾಕುತ್ತಿದ್ದ. ನಿನ್ನ ಅಪ್ಪ ಹೇಳಿಕೊಟ್ಟದ್ದು ತಪ್ಪು ಅಂತ ಮೈಕ್ ಹೇಳಿದರೆ, ಆರ್ಚಿ ಒಪ್ಪುವುದಿಲ್ಲ. ನಿನ್ನನ್ನು ಸಾಕಿದ, ನಿನ್ನನ್ನು ಪ್ರೀತಿಸುವ ಮನುಷ್ಯ ತಪ್ಪು ಹೇಳುವುದು ಹೇಗೆ ಅಂತ ಕೇಳುತ್ತಾನೆ. ಕೊನೆಗೆ ಅವನು ನಿದ್ದೆ ಹೋದಾಗ ಅಳಿಯ ಮೈಮೇಲೆ ಬಟ್ಟೆ ಹೊದಿಸುತ್ತಾನೆ.

ಅಲ್ಲಿ ಗಮನಿಸಿ. ಈ ಮಾತು ಬಂದದ್ದು ಆರ್ಚಿಯ ಮನೆಯಲ್ಲಿ ಅಲ್ಲ, ಆ ಕುರ್ಚಿಯಲ್ಲಿ ಕೂತು ಅಲ್ಲ. ಮೈಕ್ ಕೂಡ ಅಷ್ಟರಲ್ಲಿ ಪಕ್ಕದ ಮನೆ ಬಾಡಿಗೆಗೆ ಹಿಡಿದು ಬೇರೆ ಹೋಗಿ, ಸಂಪಾದಿಸುತ್ತಿದ್ದ. ಅನ್ನದ ಋಣ ಹರಿದ ಮೇಲೆ, ಹೊರಗಿನ ಒಂದು ಜಾಗದಲ್ಲಿ, ಇಬ್ಬರಿಗೂ ಮಾತಾಡಲು ಸಾಧ್ಯವಾಯಿತು. ಅದೇ ವರ್ಷ ಮೈಕ್ ಕೆಲಸ ಸಿಕ್ಕಿ ಕ್ಯಾಲಿಫೋರ್ನಿಯಾಗೆ ಹೋದ. ಆಮೇಲೂ ಒಂದು ಸೀಸನ್ ನಡೆಯಿತು. ಆ ಮನೆಗೆ ಒಂದು ಚಿಕ್ಕ ಹುಡುಗಿಯನ್ನು ತಂದು ಕೂರಿಸಿದರು. ಆದರೆ ಜಗಳ ಹೋಗಿತ್ತು, ಜೊತೆಗೆ ಜೀವವೂ.

ಇದೇ ಲಿಯರ್ ತಂಡ ಸ್ಟೆಪ್ಟೋ ಕಥೆಯನ್ನೂ ಅಮೆರಿಕಕ್ಕೆ ತಂದಿತು. 1972ರಿಂದ 1977ರವರೆಗೆ ಬಂದ 'ಸ್ಯಾನ್‌ಫರ್ಡ್ ಅಂಡ್ ಸನ್'. ಲಾಸ್ ಏಂಜಲೀಸ್‌ನ ವಾಟ್ಸ್ ಅನ್ನುವ ಕಪ್ಪು ಜನರ ಬಡಾವಣೆ, ಅಲ್ಲೊಂದು ಗುಜರಿ ಅಂಗಡಿ. ಮಗ ಮನೆ ಬಿಡುವ ಮಾತೆತ್ತಿದ ಕೂಡಲೇ ಅಪ್ಪ ಎದೆ ಹಿಡಿದುಕೊಂಡು ಹಿಂದಕ್ಕೆ ವಾಲುತ್ತಾನೆ, ಆಕಾಶ ನೋಡಿ ಸತ್ತ ಹೆಂಡತಿಯನ್ನು ಕರೆದು, ಎಲಿಜಬೆತ್, ನಾನೂ ಬರ್ತಾ ಇದ್ದೀನಿ ಅನ್ನುತ್ತಾನೆ. ಪ್ರತಿ ವಾರ ಹಾರ್ಟ್ ಅಟ್ಯಾಕ್! ನಮ್ಮಲ್ಲಿ ಇದಕ್ಕೆ 'ನನ್ನ ಹೆಣ ನೋಡ್ತೀಯ' ಅನ್ನುವ ರೂಪ ಇದೆ. ಅಸ್ತ್ರ ಅದೇ.

1980ರ ದಶಕದಲ್ಲಿ ಒಂದು ತಿರುವು ಬಂತು. 'ಫ್ಯಾಮಿಲಿ ಟೈಸ್' ಅಂತ, 1982ರಿಂದ 1989. ಇಲ್ಲಿ ಅಪ್ಪ ಅಮ್ಮ ಹಿಪ್ಪಿಗಳು, ಮೆರವಣಿಗೆ ಮಾಡಿದವರು. ಮಗ ಅಲೆಕ್ಸ್ ಮಾತ್ರ ಟೈ ಕಟ್ಟಿಕೊಂಡು, ಷೇರು ಪೇಟೆ ಓದಿಕೊಂಡು, ನಿಕ್ಸನ್ ಚಿತ್ರ ಇಟ್ಟುಕೊಂಡು ಬೆಳೆಯುವ ಹುಡುಗ. ಮೊದಲು ಅಪ್ಪ ಅಮ್ಮನನ್ನೇ ನಾಯಕ, ನಾಯಕಿ ಅಂತ ಬರೆದಿದ್ದರು. ಮೈಕೆಲ್ ಜೆ. ಫಾಕ್ಸ್ ಆ ಮಗನ ಪಾತ್ರ ಮಾಡಿ ಇಡೀ ಧಾರಾವಾಹಿಯನ್ನೇ ಕಸಿದುಕೊಂಡರು. ಅಧ್ಯಕ್ಷ ರೇಗನ್ ಅವರಿಗೂ ಇದು ಅಚ್ಚುಮೆಚ್ಚು. ಚೆನ್ನಾಗಿತ್ತು, ಆದರೆ ಅಷ್ಟು ಕಚ್ಚುತ್ತಿರಲಿಲ್ಲ. ಯಾಕೆಂದರೆ ಆ ಮನೆ ದೊಡ್ಡದಾಗಿತ್ತು, ಎಲ್ಲರಿಗೂ ಜಾಗ ಇತ್ತು.

ನಿಜವಾದ ತಿರುವು 1993ರಲ್ಲಿ ಶುರುವಾಗಿ 2004ರವರೆಗೆ ನಡೆದ 'ಫ್ರೇಸಿಯರ್'ನಲ್ಲಿದೆ. ಇಲ್ಲಿ ಮನೆ ಮಗನದು. ಸಿಯಾಟಲ್‌ನಲ್ಲಿ ಎತ್ತರದ ಫ್ಲ್ಯಾಟು, ಹುಡುಕಿ ತಂದ ಪೀಠೋಪಕರಣ. ಮಗ ಮನೋವೈದ್ಯ, ರೇಡಿಯೋದಲ್ಲಿ ಜನರಿಗೆ ಸಲಹೆ ಕೊಡುವವನು. ಅಪ್ಪ ಮಾರ್ಟಿನ್ ನಿವೃತ್ತ ಪೊಲೀಸ್, ಸೊಂಟಕ್ಕೆ ಗುಂಡು ಬಿದ್ದು ಒಬ್ಬನೇ ಇರಲಾಗದೆ ಬಂದು ಸೇರಿಕೊಂಡವನು. ಬರುವಾಗ ಒಂದು ನಾಯಿ, ಒಂದು ಹಳೇ ಕುರ್ಚಿ ತರುತ್ತಾನೆ. ಕುರ್ಚಿಗೆ ಅಲ್ಲಲ್ಲಿ ಟೇಪು ಸುತ್ತಿದೆ. ಆ ಚೆಂದದ ಹಾಲ್‌ನ ನಟ್ಟನಡುವೆ ಅದು ಕೂರುತ್ತದೆ.

1994ರ ಒಂದು ಕಂತಿನಲ್ಲಿ ಮಗ ಅದನ್ನು ತೆಗೆಸಿ, ದುಬಾರಿಯ ಹೊಸ ಕುರ್ಚಿ ತರಿಸುತ್ತಾನೆ. ಅಪ್ಪನಿಗೆ ಸಿಟ್ಟು. ಆ ಕುರ್ಚಿಯಲ್ಲಿ ಕೂತೇ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟದ್ದನ್ನು ನೋಡಿದೆ, ನಿನಗೆ ಮಗ ಹುಟ್ಟಿದ ಅಂತ ನೀನು ಫೋನ್ ಮಾಡಿದಾಗಲೂ ಅದರಲ್ಲೇ ಕೂತಿದ್ದೆ, ಅದರಲ್ಲಿ ನಿದ್ದೆ ಹೋದರೆ ನಿನ್ನ ಅಮ್ಮ ಬಂದು ಎಬ್ಬಿಸುತ್ತಿದ್ದಳು ಅಂತ ಹೇಳುತ್ತಾನೆ. ಆರ್ಚಿಯ ಕುರ್ಚಿ ಅಧಿಕಾರದ ಕುರ್ಚಿ. ಮಾರ್ಟಿನ್‌ನದು ಹಾಗಲ್ಲ. ಅವನ ಮನೆ ಅಂತ ಉಳಿದಿರುವುದು ಆ ಕುರ್ಚಿ ಒಂದೇ.

ಇದನ್ನು ನೋಡುವಾಗ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಕಣ್ಣ ಮುಂದೆ ಬರುತ್ತವೆ. ಹಾಸನದಿಂದಲೋ ಶಿರಸಿಯಿಂದಲೋ ಬಂದ ಅಪ್ಪ ಅಮ್ಮ. ಮಗ ಸೊಸೆ ಚೆನ್ನಾಗೇ ನೋಡಿಕೊಳ್ಳುತ್ತಾರೆ. ಆದರೆ ಒಗ್ಗರಣೆ ಹೊಗೆ ಜಾಸ್ತಿಯಾದರೆ ಚಿಮಣಿ ಹಾಕಮ್ಮಾ ಅನ್ನಿಸಿಕೊಳ್ಳಬೇಕು. ನ್ಯೂಜೆರ್ಸಿಗೆ, ಡಲ್ಲಾಸ್‌ಗೆ ಆರು ತಿಂಗಳಿಗೆ ಹೋಗುವ ನಮ್ಮ ಹಿರಿಯರದೂ ಇದೇ ಪಾಡು. ಅಲ್ಲಿ ಕುರ್ಚಿ ತೆಗೆದುಕೊಂಡು ಹೋಗುವುದಕ್ಕೂ ಆಗುವುದಿಲ್ಲ, ಎರಡು ಸೂಟ್‌ಕೇಸು ಅಷ್ಟೇ.

ವಲಸೆ ಹೋದವರ ಕಥೆಗಳೇ ಬೇರೆ ಇವೆ, ಎರಡನ್ನು ಬೇಗ ಹೇಳಿಬಿಡುತ್ತೇನೆ. 2001ರಲ್ಲಿ ಬಿಬಿಸಿಯಲ್ಲಿ ಶುರುವಾದ 'ದಿ ಕುಮಾರ್ಸ್ ಅಟ್ ನಂಬರ್ 42'. ಲಂಡನ್ನಿನ ವೆಂಬ್ಲಿಯಲ್ಲಿರುವ ಭಾರತೀಯ ಮನೆ. ಮಗನಿಗೆ ಟಿವಿ ನಿರೂಪಕ ಆಗುವ ಹುಚ್ಚು. ಅಪ್ಪ ಅಮ್ಮ ಹಿತ್ತಲಲ್ಲೇ ಸ್ಟುಡಿಯೋ ಕಟ್ಟಿಸಿಕೊಟ್ಟಿದ್ದಾರೆ. ಕಟ್ಟಿಸಿಕೊಟ್ಟ ಮೇಲೆ ಸುಮ್ನೆ ಇರುತ್ತಾರಾ? ಅತಿಥಿಗಳ ಪಕ್ಕದಲ್ಲೇ ಬಂದು ಕೂರುತ್ತಾರೆ. ಅಜ್ಜಿಯೂ ಬರುತ್ತಾಳೆ. ಮಗ ಒಂದು ಪ್ರಶ್ನೆ ಕೇಳುವಷ್ಟರಲ್ಲಿ ಇವರು ಹತ್ತು ಕೇಳುತ್ತಾರೆ. ಮೊಮ್ಮಗನಾಗಿ ಸಂಜೀವ್ ಭಾಸ್ಕರ್, ಅಜ್ಜಿಯಾಗಿ ಮೀರಾ ಸ್ಯಾಲ್. ಇಬ್ಬರೂ 2005ರಲ್ಲಿ ನಿಜವಾಗಿ ಮದುವೆಯಾದರು! ಇನ್ನೊಂದು ಕೆನಡಾದ 'ಕಿಮ್ಸ್ ಕನ್ವೀನಿಯನ್ಸ್', 2016ರಿಂದ 2021. ಟೊರಾಂಟೊದಲ್ಲಿ ಕೊರಿಯಾದ ಕುಟುಂಬದ ಅಂಗಡಿ. ಮಗ ಹದಿಹರೆಯದಲ್ಲೇ ಅಪ್ಪನ ಜೊತೆ ಜಗಳವಾಡಿ, ದುಡ್ಡು ತೆಗೆದುಕೊಂಡು ಮನೆ ಬಿಟ್ಟವನು. ಅಪ್ಪ, ಮಗ ಒಂದೇ ಊರಲ್ಲಿ ಇದ್ದೂ ಮಾತಿಲ್ಲ. ಅಮ್ಮ ಮಾತ್ರ ಗುಟ್ಟಾಗಿ ಮಗನನ್ನು ನೋಡಿ ಬರುತ್ತಾಳೆ. ಬಾಗಿಲು ದಾಟಿದವನನ್ನೂ ಬಿಡದೆ ಸಿಟ್‌ಕಾಮ್ ಮಾಡಿದ್ದು ಅದರ ಹೆಚ್ಚುಗಾರಿಕೆ.

ಇಷ್ಟೊತ್ತು ಹೇಳಿದ್ದರಲ್ಲಿ ಬಹುಪಾಲು ಗಂಡಸರ ಜಗಳ ಅನ್ನುವುದನ್ನು ಗಮನಿಸಿರಬಹುದು. ಈಡಿತ್ ಅಡುಗೆಮನೆಯಿಂದ ಬಾಗಿಲಿಗೆ ಓಡುತ್ತಿರುತ್ತಾಳೆ. ಸ್ಟೆಪ್ಟೋ ಮನೆಯಲ್ಲಿ, ಸ್ಯಾನ್‌ಫರ್ಡ್ ಮನೆಯಲ್ಲಿ, ಮಾರ್ಟಿನ್ ಪಾಲಿಗೆ, ಹೆಂಡತಿ ಸತ್ತೇ ಹೋಗಿದ್ದಾಳೆ. ಭಾರತಕ್ಕೆ ಬಂದರೆ ಯುದ್ಧಭೂಮಿ ಬದಲಾಗುತ್ತದೆ. ಇಲ್ಲಿ ಅತ್ತೆ, ಸೊಸೆ. ಕಾರಣ ಸ್ಪಷ್ಟ. ಅಲ್ಲಿ ಕೇಳುವ ಪ್ರಶ್ನೆ ಮಗ ಯಾಕೆ ಇನ್ನೂ ಇಲ್ಲೇ ಇದ್ದಾನೆ ಅಂತ. ನಮ್ಮಲ್ಲಿ ಮಗ ಇರುವುದು ಪ್ರಶ್ನೆಯೇ ಅಲ್ಲ. ಹೊಸದಾಗಿ ಒಳಗೆ ಬಂದವಳು ಯಾರು ಅನ್ನುವುದು ಪ್ರಶ್ನೆ.

ದೂರದರ್ಶನದಲ್ಲಿ 1993ರಲ್ಲಿ ಬಂದ 'ದೇಖ್ ಭಾಯ್ ದೇಖ್'ನಲ್ಲಿ ಮೂರು ತಲೆಮಾರು ಒಂದೇ ಬಂಗಲೆಯಲ್ಲಿ ಇದ್ದವು. ಜಗಳಕ್ಕಿಂತ ಗಲಾಟೆ ಜಾಸ್ತಿ. 1995ರ 'ಹಮ್ ಪಾಂಚ್'ನಲ್ಲಿ ಐದು ಹೆಣ್ಣುಮಕ್ಕಳ ಅಪ್ಪನಿಗೆ ಸತ್ತ ಮೊದಲ ಹೆಂಡತಿ ಗೋಡೆಯ ಫೋಟೊದಿಂದಲೇ ಬೈಯುತ್ತಿದ್ದಳು. ನಮ್ಮಲ್ಲಿ ಹಿರಿಯರು ಹೋದ ಮೇಲೂ ಮನೆ ಬಿಡುವುದಿಲ್ಲ!

ಅತ್ತೆ ಸೊಸೆಯ ಜಗಳವನ್ನು ಪಳಗಿದ ಕೈಯಲ್ಲಿ ಬರೆದದ್ದು 2004ರ 'ಸಾರಾಭಾಯ್ ವರ್ಸಸ್ ಸಾರಾಭಾಯ್'. ಮುಂಬೈನ ಕಫ್ ಪರೇಡ್. ಅತ್ತೆ ಮಾಯಾ ಆಗಿ ರತ್ನಾ ಪಾಠಕ್ ಶಾ, ಸೊಸೆ ಮೊನಿಷಾ ಆಗಿ ರೂಪಾಲಿ ಗಂಗೂಲಿ. ಎದುರುಬದುರು ಫ್ಲ್ಯಾಟು. ಬೇರೆ ಇದ್ದಾರೆ ಅಂತ ಹೆಸರಿಗೆ, ಅತ್ತೆ ಯಾವಾಗ ಬೇಕಾದರೂ ಒಳಗೆ ಬರಬಹುದು. ಇಲ್ಲಿ ಸೊಗಸು ಏನೆಂದರೆ, ಅತ್ತೆ ಹೊಸ ಕಾಲದವಳು. ಇಂಗ್ಲಿಷು, ನಾಟಕ, ಒಳ್ಳೆಯ ಪಿಂಗಾಣಿ. ಸೊಸೆ ಚೌಕಾಸಿ ಮಾಡುವವಳು, ಫ್ರೀ ಸಿಕ್ಕ ಡಬ್ಬ ಎತ್ತಿಡುವವಳು. ಮನಿಷಾ ಅನ್ನುವ ಹೆಸರು ಸಾಧಾರಣ ಅಂತ ಅತ್ತೆಯೇ ಮೊನಿಷಾ ಅಂತ ಬದಲಿಸಿದ್ದಾಳೆ. ಬೈಗುಳ ಒಂದೇ: ಮಿಡಲ್ ಕ್ಲಾಸ್. ಅದನ್ನೂ ನಗುತ್ತಾ, ಮೆಲ್ಲಗೆ ಹೇಳುತ್ತಾಳೆ. ಮೊದಲು ಬಂದಾಗ ನೋಡಿದವರು ಕಡಿಮೆ. ಮರುಪ್ರಸಾರದಲ್ಲಿ, ಆಮೇಲೆ ಇಂಟರ್ನೆಟ್‌ನಲ್ಲಿ ಅದಕ್ಕೆ ಭಕ್ತರು ಹುಟ್ಟಿಕೊಂಡರು. ಭಾರತದಲ್ಲಿ ತಲೆಮಾರಿನ ಜಗಳ ಅಂತ ನಾವು ಕರೆಯುವುದರಲ್ಲಿ ಅರ್ಧದಷ್ಟು ಅಂತಸ್ತಿನ ಜಗಳ ಅನ್ನುವುದನ್ನು ಇಷ್ಟು ನಗಿಸುತ್ತಾ ತೋರಿಸಿದ್ದು ನಾನು ಬೇರೆ ನೋಡಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಮೊದಲು ಬಂದದ್ದು ನಿರೀಕ್ಷೆಯ ಪ್ರಶ್ನೆಯೇ. ಕನ್ನಡದ ಕಥೆ ಏನು ಸಾರ್? 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಇವೆಲ್ಲ ಇದ್ದವಲ್ಲ?

ಇದ್ದವು, ಚೆನ್ನಾಗೇ ಇದ್ದವು. ಸಿಹಿ ಕಹಿ ಚಂದ್ರು ನಿರ್ದೇಶಿಸಿದ ಧಾರಾವಾಹಿಯ ಪಾಂಡುವನ್ನು, 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠಲ್ ರಾವ್ ಅವರನ್ನು ಯಾರು ಮರೆಯುತ್ತಾರೆ? ಆದರೆ ಪಾಂಡು ಮನೆಯ ಗಲಾಟೆ ಮುಖ್ಯವಾಗಿ ಗಂಡ ಹೆಂಡತಿಯದು. ಹಿರಿಯರು ಅಲ್ಲಿ ಒಗ್ಗರಣೆಗೆ. ಅಪ್ಪ, ಮಗ ಎದುರುಬದುರು ನಿಂತು ವಾರವಾರ ಕಚ್ಚಾಡುವ ನಗೆ ಧಾರಾವಾಹಿ ನಮ್ಮಲ್ಲಿ ಗಟ್ಟಿಯಾಗಿ ಬರಲಿಲ್ಲ ಅಂತಲೇ ನನ್ನ ಅನ್ನಿಸಿಕೆ. ಅಪ್ಪನನ್ನು ನೋಡಿ ನಗುವುದಕ್ಕೆ ನಮಗೆ ಇನ್ನೂ ಸಂಕೋಚ. ಅತ್ತೆಯನ್ನು ನೋಡಿ ನಗುವುದಕ್ಕೆ ಇಲ್ಲ, ಅದೂ ಸರಿಯಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಕೇಳಿದಳು: ನೀವೇ ಒಂದು ಬರ್ದ್ರೆ ಎಲ್ಲಿ ಇಡ್ತೀರಿ?

ಬೆಂಗಳೂರಿನ ಒಂದು 30-40 ಸೈಟಿನಲ್ಲಿ, ಅಂದೆ. ಕೆಳಗೆ ಅಪ್ಪ ಅಮ್ಮ, ಮೇಲೆ ಮಗ ಸೊಸೆ. ಜಾಗದ ಖಾತೆ ಅಪ್ಪನ ಹೆಸರಲ್ಲಿ, ಮೇಲಿನ ಮಹಡಿಯ ಬ್ಯಾಂಕ್ ಸಾಲ ಮಗನ ಹೆಸರಲ್ಲಿ. ಮೆಟ್ಟಿಲು ಹೊರಗಿನಿಂದ, ಅದಕ್ಕೆ ಯಾರು ಎಷ್ಟು ಹೊತ್ತಿಗೆ ಬಂದರು ಅಂತ ಕೆಳಗಿನವರಿಗೆ ಗೊತ್ತಾಗುತ್ತದೆ. ಸಂಪು ಒಂದೇ, ಟ್ಯಾಂಕು ಒಂದೇ. ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಮೇಲೆ ವರ್ಕ್ ಫ್ರಮ್ ಹೋಮ್ ಮೀಟಿಂಗು, ಕೆಳಗೆ ಬೆಳಿಗ್ಗೆ ಆರಕ್ಕೆ ಸುಪ್ರಭಾತ. ಸೊಸೆ ಆನ್‌ಲೈನ್‌ನಲ್ಲಿ ತರಿಸಿದ ಪಾರ್ಸೆಲ್‌ಗಳೆಲ್ಲ ಕೆಳಗೇ ಇಳಿಯುತ್ತವೆ, ಮಾವ ಒಂದೊಂದರ ಬೆಲೆ ಓದುತ್ತಾರೆ. ಇಷ್ಟಿದ್ದರೆ ಐದು ಸೀಸನ್ ಆರಾಮಾಗಿ ಬರೆಯಬಹುದು. ಅವಳು ನಕ್ಕು, ಸಾರ್, ನಮ್ಮನೇನೂ ಹೀಗೇ ಇದೆ, ಮೋಟರ್ ಸ್ವಿಚ್ ಎಲ್ಲಿ ಇಡ್ತೀರಿ ಹೇಳಿ ಅಂದಳು. ಕೆಳಗೆ, ಅಪ್ಪನ ರೂಮಿನ ಒಳಗೆ, ಮಂಚದ ಪಕ್ಕದಲ್ಲಿ ಅಂದೆ.